ಮೊದಲ ದಿನವೇ ಕೈಗೆ ಸುಟ್ಟ ಮೋಟಾರ್

ಚಳ್ಳಕೆರೆ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ನನ್ನ ಅಂಗಡಿಯ ಮುಂದೆ ಕೊಳವೆಬಾವಿಗೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರ್‌ಗಳು ಸುಟ್ಟು ಬಂದು ಸಾಲುಗಟ್ಟುತ್ತವೆ. 14 ವರ್ಷಗಳಿಂದ ರಿವೈಂಡಿಂಗ್, ಅಂದರೆ ಸುಟ್ಟ ತಂತಿ ತೆಗೆದು ಹೊಸದನ್ನು ಸುತ್ತುವ ಕೆಲಸ, ಮಾಡುತ್ತಿದ್ದೇನೆ. 9 ವರ್ಷಗಳಿಂದ ಸುತ್ತಲಿನ ಹಳ್ಳಿಗಳ ಹುಡುಗರಿಗೆ ಕಲಿಸುತ್ತಲೂ ಇದ್ದೇನೆ, ಒಂದು ಸಲಕ್ಕೆ ಮೂವರು ಮಾತ್ರ.

ನಾನು ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದವನು. ಪಾಠ ಚೆನ್ನಾಗಿಯೇ ಆಯಿತು. ಆದರೆ ಕಾರ್ಯಾಗಾರದಲ್ಲಿದ್ದ ಒಂದೇ ಮೋಟಾರನ್ನು ವರ್ಷ ವರ್ಷವೂ ಬಿಚ್ಚಿ ಜೋಡಿಸಿ ಬೋಲ್ಟುಗಳ ತಲೆಯೇ ಸವೆದಿತ್ತು. ಸುಟ್ಟ ಮೋಟಾರ್ ಹೇಗಿರುತ್ತದೆ ಎಂದು ನೋಡದೆಯೇ ಪ್ರಮಾಣಪತ್ರ ಪಡೆದು, ಒಂದೂವರೆ ವರ್ಷ ಮನೆಯಲ್ಲಿ ಕುಳಿತೆ. ನಂತರ ಸ್ವಉದ್ಯೋಗದ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಸಂಸ್ಥೆಗೆ ಹೋದೆ. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ ಸಂಸ್ಥೆ ಅದು. ಇಂದು ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ (ಆರ್‌ಸೆಟಿ) ಅದೇ ಮಾದರಿ. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಕೈಕೆಲಸದ ಜೊತೆಗೆ ಲೆಕ್ಕ ಬರೆಯುವುದನ್ನೂ ಬ್ಯಾಂಕ್ ಮ್ಯಾನೇಜರ್ ಎದುರು ಅಂಜದೆ ಮಾತನಾಡುವುದನ್ನೂ ನಾನು ಕಲಿತದ್ದು ಅಲ್ಲಿ.

ಆದರೂ ಕಲಿಸುವ ಸರದಿ ಬಂದಾಗ ಮೊದಲೆರಡು ವರ್ಷ ನಾನೇ ತಪ್ಪು ಮಾಡಿದೆ. ಹೊಸಬರೆಂದರೆ ಆರು ತಿಂಗಳು ಕಸ ಗುಡಿಸಬೇಕು, ಮೋಟಾರ್ ಎತ್ತಿಡಬೇಕು, ಚಹಾ ತರಬೇಕು. ನಾಲ್ವರಲ್ಲಿ ಮೂವರು ಬೆಂಗಳೂರಿನ ಬಸ್ ಹತ್ತಿದರು. ಈಗಿನ ಹುಡುಗರಿಗೆ ತಾಳ್ಮೆಯಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಅದು ಅನ್ಯಾಯದ ಮಾತು. ಕೈಗೆ ಕೆಲಸವನ್ನೇ ಕೊಡದೆ ತಾಳ್ಮೆ ಕೇಳಿದವನು ನಾನು.

ಈಗ ಮೊದಲ ದಿನವೇ ಒಂದು ಸುಟ್ಟ ಸ್ಟೇಟರ್ (ಮೋಟಾರಿನಲ್ಲಿ ತಂತಿ ಸುತ್ತಿರುವ, ತಿರುಗದ ಭಾಗ), 200 ಪುಟದ ಒಂದು ನೋಟ್‌ಬುಕ್ ಕೊಡುತ್ತೇನೆ. ತಂತಿ ಕತ್ತರಿಸುವ ಮುನ್ನ ಬರೆದುಕೊಳ್ಳಬೇಕು: ತಂತಿ ಕೂರುವ ಸ್ಲಾಟ್ ಎಷ್ಟು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಕಾಯಿಲ್ ಹೋಗಿದೆ, ಎಷ್ಟು ಸುತ್ತು, ತಂತಿಯ ದಪ್ಪ ಅಂದರೆ ಗೇಜ್ ಯಾವುದು, ಮೂರು ಫೇಸುಗಳ ಜೋಡಣೆ ಸ್ಟಾರೋ ಡೆಲ್ಟಾವೋ. ಆಮೇಲೆ ಇದು ಏಕೆ ಸುಟ್ಟಿತು ಎಂದು ಕೇಳುತ್ತೇನೆ. ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನ ತಂತಿ ಕರಗಿ ಮೂರನೆಯದು ಹೊಸದರಂತೆ ಉಳಿದಿದ್ದರೆ, ಒಂದು ಫೇಸ್ ಹೋದ ಮೇಲೂ ಮೋಟಾರ್ ಓಡಿದೆ ಎಂದು ಅರ್ಥ. ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ಬಂದ ಹುಡುಗನೊಬ್ಬ ಎರಡನೆಯ ವಾರದಲ್ಲೇ ಇದನ್ನು ರೈತರೊಬ್ಬರಿಗೆ ಬೆರಳಿಟ್ಟು ತೋರಿಸಿ, ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಪ್ರಿವೆಂಟರನ್ನು ಪ್ಯಾನೆಲ್‌ಗೆ ಹಾಕಿಸಿಕೊಳ್ಳಿ ಎಂದ. ತಂದೆಯ ವಯಸ್ಸಿನ ಆ ರೈತರು, ‘ನೀವೇ ಬಂದು ಹಾಕಿಕೊಡಿ’ ಎಂದರು. ಮರುದಿನ ಅವನು ನನಗಿಂತ ಮೊದಲೇ ಅಂಗಡಿಗೆ ಬಂದಿದ್ದ.

ಕಷ್ಟದ ಭಾಗ ತಂತಿ ಎಳೆಯುವುದು. ನೀರು ತುಂಬಿದ ಮೋಟಾರಿಗೆ ಪಿವಿಸಿ ಹೊದಿಕೆಯ ತಂತಿಯನ್ನು ಸ್ಲಾಟಿನೊಳಗೆ ಒಂದೊಂದೇ ಸುತ್ತು ಪೋಣಿಸಬೇಕು. ಅವಸರ ಮಾಡಿದರೆ ಅಂಚಿಗೆ ತಾಗಿ ಹೊದಿಕೆ ಗೀಚುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಸುತ್ತಿದ ಸ್ಟೇಟರನ್ನು ರಾತ್ರಿಯಿಡೀ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಮೆಗ್ಗರ್ ಹಿಡಿಯುತ್ತೇವೆ. ಒಬ್ಬನ ಕೆಲಸ ಮೂರು ಸಲ ಅರ್ತ್, ಅಂದರೆ ಕರೆಂಟ್ ಸೋರಿಕೆ, ತೋರಿಸಿತು. ಮೂರು ಸಲವೂ ಬಿಚ್ಚಿಸಿದೆ. ಹಾಳಾದ ತಂತಿಯ ಖರ್ಚು ನನ್ನದು, ಅವನ ಸಂಬಳದಲ್ಲಿ ಒಂದು ಪೈಸೆ ಹಿಡಿಯಲಿಲ್ಲ. 600 ಅಡಿ ಆಳಕ್ಕೆ ಇಳಿಸಿದ ಮೋಟಾರ್ ಕೆಟ್ಟರೆ ರೈತ ಮತ್ತೆ ವಾಹನ ತರಿಸಿ ಮೇಲೆತ್ತಿಸಬೇಕು, ಅಷ್ಟರಲ್ಲಿ ಬೆಳೆ ಒಣಗುತ್ತದೆ. ಅಂಥ ತಪ್ಪು ತೊಟ್ಟಿಯಲ್ಲೇ ಸಿಕ್ಕಿಬೀಳಲಿ.

ಸಂಬಳದ ವಿಷಯದಲ್ಲಿ ನಾನು ಹಟಮಾರಿ. ಕಲಿಯುವವರಿಗೂ ಮೊದಲ ತಿಂಗಳಿಂದಲೇ ಬಸ್ ಖರ್ಚು, ಮಧ್ಯಾಹ್ನದ ಊಟ, ಕೈಗೊಂದಿಷ್ಟು ಹಣ. ನಾಲ್ಕನೆಯ ತಿಂಗಳಿಂದ ಮೋಟಾರಿನ ಲೆಕ್ಕದಲ್ಲಿ ಪಾಲು, ಬಿಲ್ ಬರೆಯುವುದೂ ಅವರೇ. ಪುಕ್ಕಟೆ ದುಡಿಸಿಕೊಂಡು ಅದಕ್ಕೆ ತರಬೇತಿ ಎಂದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ.

ಇದುವರೆಗೆ ಹನ್ನೊಂದು ಮಂದಿ ಸ್ವಂತ ಅಂಗಡಿ ಹಾಕಿದ್ದಾರೆ. ಮೂರು ಸಲ ಬಿಚ್ಚಿದ ಹುಡುಗ ಈಗ ಮೊಳಕಾಲ್ಮೂರು ಕಡೆ ಇದ್ದಾನೆ. ಕಳೆದ ವಾರ ಫೋನ್ ಮಾಡಿ, ಒಬ್ಬ ಹೊಸ ಹುಡುಗನನ್ನು ಸೇರಿಸಿಕೊಂಡಿದ್ದೇನೆ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಏನೇನು ಬರೆಸುತ್ತಿದ್ದಿರಿ ಎಂದು ಕೇಳಿದ.