‘ನಾಗರಹಾವು’ ಕ್ಲೈಮ್ಯಾಕ್ಸ್ ಬಗ್ಗೆ ಜೋಕ್ ಮಾಡುವ ಮುಂಚೆ

‘ನಾಗರಹಾವು’ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 1972ರ ಸಿನಿಮಾ. ಕೊನೆಗೆ ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಬಿದ್ದು ಸಾಯುತ್ತಾರೆ, ಅವರ ಶಿಷ್ಯ ರಾಮಾಚಾರಿ ತಾನು ಪ್ರೀತಿಸಿದ ಮಾರ್ಗರೆಟ್ ಜೊತೆ ಬೆಟ್ಟದಿಂದ ಹಾರುತ್ತಾನೆ ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಸ್ಪಾಯ್ಲರ್ ಅಂತ ಯಾರೂ ಬೈಯುವುದಿಲ್ಲ. ಬೈಗುಳ ಬೀಳುವುದು ತಮಾಷೆಯನ್ನು ನಿಜ ಅಂತ ಓದಿದಾಗ.

ಈ ಸಾಲು ನೋಡಿ: “ಚಾಮಯ್ಯ ಮೇಷ್ಟ್ರು ಬೆಟ್ಟ ಹತ್ತದೆ ಮನೇಲೇ ಇದ್ದಿದ್ರೆ ಮೂರು ಜೀವ ಉಳೀತಿತ್ತು.” ಬರೆದವರಿಗೆ ಇದು ಜೋಕ್. ಆದರೆ ರಾಮಾಚಾರಿ ಮೊದಲು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಟ್ಟಿದ್ದು ಮೇಷ್ಟ್ರ ಮಾತಿಗೇ, ಆಮೇಲೆ ಅವಳ ಬಾಳು ಏನಾಯಿತು ಅಂತ ಕಣ್ಣಾರೆ ಕಂಡಿದ್ದಕ್ಕೇ ಮಾರ್ಗರೆಟ್ ವಿಷಯದಲ್ಲಿ ಅವನು ಮೇಷ್ಟ್ರಿಗೂ ಬಗ್ಗಲಿಲ್ಲ. ತಪ್ಪೆಲ್ಲ ಮೇಷ್ಟ್ರದ್ದೇ ಅಂತ ಗಂಭೀರವಾಗಿ ವಾದಿಸುವವರು ಇದ್ದಾರೆ. ನಿಮ್ಮ ಸಾಲು ಅವರ ಸಾಲಿನ ಥರಾನೇ ಇದೆ. ಓದುವವರಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಮೇಷ್ಟ್ರ ಪಾತ್ರ ಮಾಡಿದ ಅಶ್ವಥ್ ಅವರ ಆ ಮುಖ ನೆನೆದು ಯಾರಾದರೂ ಸಿಟ್ಟಾದರೆ ಅದು ನ್ಯಾಯವೇ.

ಅದಕ್ಕೆ, ನಿಜವಾಗಿ ಯಾರೂ ಹೇಳಲಾರದಂಥದ್ದನ್ನು ಬರೆಯಿರಿ. “ಆ ಬಂಡೆ ಹತ್ರ ಒಂದು ಹೋಟ್ಲು ಇದ್ದಿದ್ರೆ ಮೂವರೂ ಒನ್ ಬೈ ತ್ರೀ ಕಾಫಿ ಕುಡಿದು ಮಾತಾಡಿ ಮುಗಿಸ್ತಿದ್ರು.” ಇದನ್ನು ವಾದ ಅಂತ ಯಾರೂ ತಿಳಿಯುವುದಿಲ್ಲ. ಆದರೆ ಹಾರಿದ್ದನ್ನೇ ಗೇಲಿ ಮಾಡಬೇಡಿ, ಓದುವವರ ಮನೆಯಲ್ಲಿ ಏನು ನಡೆದಿದೆಯೋ ನಿಮಗೆ ಗೊತ್ತಿರುವುದಿಲ್ಲ.

ಕಾದಂಬರಿ ಬರೆದ ತರಾಸು ಅವರೇ, ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದರು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಅದರಲ್ಲಿನ ಕೊಂಕು ಥಟ್ಟಂತ ತಿಳಿಯುತ್ತದೆ, ಯಾಕೆಂದರೆ ಹೇಳಿದವರು ಯಾರು, ಅವರಿಗೆ ಸಿಟ್ಟು ಯಾಕೆ ಅಂತ ನಮಗೆ ಗೊತ್ತು. ಆನ್‌ಲೈನಲ್ಲಿ ನಿಮ್ಮ ಪರಿಚಯವೂ ಇಲ್ಲ, ದನಿಯೂ ಕೇಳಿಸುವುದಿಲ್ಲ.

ಇದು ಹಳೇ ತೊಂದರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅಂತ ಕಂಪ್ಯೂಟರಿನಲ್ಲಿ ಹಾಕಿದ ತಮಾಷೆಯನ್ನು ಕೆಲವರು ನಿಜವಾದ ಎಚ್ಚರಿಕೆ ಅಂದುಕೊಂಡರು. ಆ ಗೊಂದಲದ ನಂತರವೇ, 1982ರ ಸೆಪ್ಟೆಂಬರ್ 19ರಂದು, ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್‌ಮನ್ ಜೋಕ್‌ಗಳ ಪಕ್ಕ ನಗುಮುಖದ ಗುರುತು :-) ಹಾಕೋಣ ಅಂದರು. ಈಗ ಇಮೋಜಿ ಒಂದನ್ನೇ ನಂಬಬೇಡಿ. ಹಲ್ಲು ಬಿಡುವ ಮುಖವನ್ನು ಹೀಯಾಳಿಸುವುದಕ್ಕೂ ಜನ ಬಳಸುತ್ತಾರೆ. “ತಮಾಷೆಗೆ” ಅಂತ ಅಕ್ಷರದಲ್ಲೇ ಬರೆದರೆ ಜೋಕ್ ಕೆಡುವುದಿಲ್ಲ.

ಓದುವಾಗಲೂ ಅಷ್ಟೇ. ಸಿಟ್ಟು ಬಂತಾ? ಆ ವ್ಯಕ್ತಿ ಬೇರೆ ಕಡೆ ಹೇಗೆ ಬರೆಯುತ್ತಾರೆ ಅಂತ ಒಮ್ಮೆ ನೋಡಿ. ಆಗಲೂ ಅನುಮಾನ ಇದ್ದರೆ “ತಮಾಷೆಗೆ ಹೇಳಿದ್ರಾ?” ಅಂತ ಕೇಳಿಬಿಡಿ. ನಿಮ್ಮನ್ನೇ ಯಾರಾದರೂ ಹೀಗೆ ಕೇಳಿದರೆ, ನಿಮಗೆ ಹಾಸ್ಯಪ್ರಜ್ಞೆ ಇಲ್ಲ ಅಂತ ಮಾತ್ರ ಹೇಳಬೇಡಿ, ಜಗಳ ಶುರುವಾಗುವುದೇ ಅಲ್ಲಿ. “ತಮಾಷೆಗೆ ಬರೆದೆ, ಮೇಷ್ಟ್ರು ನನಗೂ ಇಷ್ಟ” ಅಂದರೆ ಸಾಕು.