ಹಳೆಯ ಪಾಪ್‌ಅಪ್ ಟ್ರಕ್ ಕ್ಯಾಂಪರ್ ರಿಪೇರಿ: ಮೊದಲು ಮೂಲೆ, ಕೊನೆಗೆ ಬಣ್ಣ

ಪಿಕಪ್ ಟ್ರಕ್ಕಿನ ತೊಟ್ಟಿಯೊಳಗೆ ಕೂರುವ, ಚಾವಣಿ ಎತ್ತಿದರೆ ಬಟ್ಟೆಯ ಗೋಡೆ ಬಿಚ್ಚಿಕೊಳ್ಳುವ ಹಳೆಯ ಕ್ಯಾಂಪರನ್ನು ಮೊದಲ ಸಲ ಕೊಂಡವರು ಹೆಚ್ಚಾಗಿ ಕೈಹಾಕುವುದು ಒಳಗಿನ ಬಣ್ಣಕ್ಕೆ, ದಿಂಬು-ಕುಶನ್ನಿಗೆ. ಕ್ರಮ ಅಲ್ಲೇ ತಪ್ಪುತ್ತದೆ. ಮರದ ಚೌಕಟ್ಟಿನ ಕ್ಯಾಂಪರನ್ನು ತಿನ್ನುವುದು ನೀರು. ಅದು ಎಲ್ಲಿ ಒಳಬಂತು, ಎಲ್ಲಿಯವರೆಗೆ ಇಳಿಯಿತು ಎಂದು ತಿಳಿಯುವ ಮುಂಚೆ ಹಚ್ಚಿದ ಬಣ್ಣವನ್ನು ಮುಂದೆ ನೀವೇ ಕೆರೆದು ತೆಗೆಯಬೇಕಾಗುತ್ತದೆ.

ಕ್ಯಾಂಪರ್ ಟ್ರಕ್ಕಿನ ಮೇಲಿರುವಾಗಲೇ ನಾಲ್ಕು ಮೂಲೆಗಳ ಜಾಕ್ ಬ್ರಾಕೆಟ್ (ಕ್ಯಾಂಪರನ್ನು ಎತ್ತಿ ಇಳಿಸುವ ಜಾಕ್ ಕೂರುವ ಲೋಹದ ಹಿಡಿಕೆ) ಪರೀಕ್ಷಿಸಿ. ಕ್ಯಾಂಪರನ್ನು ಇಳಿಸುವಾಗ ಇಡೀ ಭಾರ ನಿಲ್ಲುವುದು ಈ ಬ್ರಾಕೆಟ್‌ಗಳ ಮೇಲೆ, ಬ್ರಾಕೆಟ್ ನಿಲ್ಲುವುದು ಮರಕ್ಕೆ ಕಚ್ಚಿದ ಸ್ಕ್ರೂಗಳ ಮೇಲೆ. ಒಳಗಿನ ಮರ ಕೊಳೆತು ಲಡ್ಡಾಗಿದ್ದರೆ ಸ್ಕ್ರೂ ಕಿತ್ತು ಬಂದು ಮೂಲೆ ಕುಸಿಯುತ್ತದೆ. ಬ್ರಾಕೆಟ್ ಸುತ್ತ ತುಕ್ಕಿನ ಕಲೆ ಇಳಿದಿದ್ದರೆ, ಸ್ಪ್ಯಾನರ್ ಹಾಕಿದಾಗ ಸ್ಕ್ರೂ ಬಿಗಿಯಾಗದೆ ಸುಮ್ಮನೆ ತಿರುಗಿದರೆ, ಆ ಜಾಕ್ ನಂಬಬೇಡಿ. ತಳದಡಿ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ, ಭಾರವನ್ನು ಅವುಗಳ ಮೇಲೆ ಕೂರಿಸಿ.

ಆಮೇಲೆ ದಬ್ಬಳ ಹಿಡಿದು ಹುಡುಕಿ. ಟ್ರಕ್ಕಿನ ಕ್ಯಾಬಿನ್ ಮೇಲೆ ಚಾಚಿದ ಹಾಸಿಗೆಯ ಭಾಗದ ಮುಂದಿನ ಅಂಚು, ಕಿಟಕಿಯ ಕೆಳಗಿನ ಎರಡು ಮೂಲೆ, ಹೊರಗಿನ ಸಣ್ಣ ದೀಪಗಳ ಹಿಂಬದಿ, ಚಾವಣಿಯ ಗಾಳಿಕಿಂಡಿಯ ಸುತ್ತ, ಹಿಂದಿನ ಬಾಗಿಲ ಹೊಸ್ತಿಲು: ನೀರು ಹೆಚ್ಚಾಗಿ ನುಗ್ಗುವುದು ಇಲ್ಲೇ. ಗಟ್ಟಿ ಮರಕ್ಕೆ ದಬ್ಬಳ ಇಳಿಯುವುದಿಲ್ಲ, ಲಡ್ಡು ಮರಕ್ಕೆ ಬೆರಳಿನ ಒತ್ತಡವೇ ಸಾಕು. ತೇವಮಾಪಕ 20 ಶೇಕಡಾಕ್ಕಿಂತ ಹೆಚ್ಚು ತೋರಿಸಿದರೆ ಅಲ್ಲಿ ಒಳಹೊದಿಕೆ ಬಿಚ್ಚಲೇಬೇಕು. ಕಲೆ ಕಂಡ ಜಾಗವೇ ಸೋರಿಕೆಯ ಜಾಗವಲ್ಲ. ನೀರು ಚೌಕಟ್ಟಿನ ಉದ್ದಕ್ಕೂ ಹರಿದು ದೂರದಲ್ಲೆಲ್ಲೋ ಹೊರಬರುತ್ತದೆ. ಸೋರಿಕೆ ಪತ್ತೆಹಚ್ಚಲು ಹೊರಗಿನಿಂದ ಪೈಪಿನಲ್ಲಿ ನೀರು ಬಿಡುವಾಗ ಕೆಳಗಿನ ಜೋಡಣೆಯಿಂದ ಶುರುಮಾಡಿ ಮೇಲಕ್ಕೆ ಹೋಗಿ, ಒಂದೊಂದಕ್ಕೂ ಸುಮಾರು 10 ನಿಮಿಷ ಕೊಡಿ, ಒಳಗೆ ಒಬ್ಬರು ಟಾರ್ಚ್ ಹಿಡಿದು ನೋಡುತ್ತಿರಲಿ. ಮೇಲಿನಿಂದ ಸುರಿದರೆ ಯಾವ ಜೋಡಣೆ ಸೋರಿತು ಎಂಬುದೇ ಗೊತ್ತಾಗುವುದಿಲ್ಲ.

ಕೆಟ್ಟ ಮರ ಬದಲಿಸುವಾಗ ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಎಲ್ಲ ಬದಿ ಒಟ್ಟಿಗೆ ಬಿಚ್ಚಿದರೆ ಪೆಟ್ಟಿಗೆ ಓರೆಯಾಗುತ್ತದೆ, ಓರೆಯಾದ ಪೆಟ್ಟಿಗೆಯ ಮೇಲೆ ಚಾವಣಿ ಸರಿಯಾಗಿ ಕೂರುವುದಿಲ್ಲ. ಬಿಚ್ಚುವ ಮುನ್ನ ಎರಡೂ ಕರ್ಣ ಅಳೆದು ಬರೆದಿಡಿ, ಹೊಸ ಮರ ಕೂರಿಸಿದ ಮೇಲೆ ಮತ್ತೆ ಅಳೆಯಿರಿ. ಎರಡೂ ಸಮವಾಗಿದ್ದರೆ ಮೂಲೆಮಟ್ಟ ಸರಿಯಿದೆ. ಲಡ್ಡು ಮುಗಿದ ಜಾಗದಿಂದ ಇನ್ನೂ 10 ರಿಂದ 15 ಸೆಂ.ಮೀ. ಗಟ್ಟಿ ಮರದವರೆಗೆ ಕತ್ತರಿಸಿ. ಜೋಡಣೆಗೆ ಸ್ಕ್ರೂ ಜೊತೆ ನೀರಿಗೆ ಬಿಡದ ಅಂಟು ಬೇಕು. ಒಂದು ಎಚ್ಚರಿಕೆ: ತಾಮ್ರದ ಲವಣದಿಂದ ಸಂಸ್ಕರಿಸಿದ ಮರವನ್ನು ಅಲ್ಯೂಮಿನಿಯಂ ಹೊರಹೊದಿಕೆಗೆ ತಾಗಿಸಬೇಡಿ. ತೇವ ಸೇರಿದರೆ ತಾಮ್ರ ಅಲ್ಯೂಮಿನಿಯಮ್ಮನ್ನು ಕೊರೆದು ಸೂಜಿತೂತು ಮಾಡುತ್ತದೆ.

ಸೀಲ್ ಮಾಡಲು ಸಿಲಿಕೋನ್ ಬಳಸಬೇಡಿ. ಅದು ಬಿಟ್ಟುಬಂದ ಮೇಲೂ ಉಳಿಯುವ ಪದರದ ಮೇಲೆ ಬೇರೆ ಯಾವ ಸೀಲೆಂಟೂ ಕಚ್ಚುವುದಿಲ್ಲ. ಹಿಂದಿನವರು ಬಳಿದಿದ್ದರೆ ಪ್ಲಾಸ್ಟಿಕ್ ಪಟ್ಟಿಯಿಂದ ಪೂರ್ತಿ ಕೆರೆದು ಸ್ಪಿರಿಟ್‌ನಿಂದ ಒರೆಸಿ. ಮೂಲೆಯ ಪಟ್ಟಿ, ಕಿಟಕಿ, ದೀಪಗಳ ಅಡಿಗೆ 25 ಮಿ.ಮೀ. ಅಗಲದ ಬ್ಯೂಟೈಲ್ ಟೇಪ್ (ಅಂಟಂಟಾದ ಮೆತ್ತನೆಯ ರಬ್ಬರ್ ಪಟ್ಟಿ) ಹಾಕಿ, ಸ್ಕ್ರೂಗಳನ್ನು ಒಂದೇ ಸಲಕ್ಕೆ ಬಿಗಿಯದೆ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಮರುದಿನ ಟೇಪ್ ಇನ್ನಷ್ಟು ಒತ್ತಿಕೊಂಡಿರುತ್ತದೆ. ಮತ್ತೊಮ್ಮೆ ಬಿಗಿದು, ಹೊರಬಂದ ಅಂಚು ಕತ್ತರಿಸಿ. ಚಾವಣಿಯ ಸಮತಟ್ಟಿಗೆ ತಾನೇ ಹರಡಿಕೊಳ್ಳುವ ಸೀಲೆಂಟ್, ನೇರ ಗೋಡೆಗೆ ಜಾರದ ಬಗೆ.

ಚಾವಣಿ ಎತ್ತಿ ಕೆಲಸ ಮಾಡುವಾಗ ನಾಲ್ಕು ಮೂಲೆಗೂ ಅಳತೆಗೆ ಕತ್ತರಿಸಿದ ಮರದ ಊರುಗೋಲು ಕೊಡಿ. ಚಾವಣಿ ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಅಥವಾ ಕೇಬಲ್ ಮೇಲೆ ಭರವಸೆಯಿಟ್ಟು ಅಡಿಯಲ್ಲಿ ತಲೆ ಹಾಕಬೇಡಿ. ಬಟ್ಟೆಯ ಗೋಡೆ ಪರೀಕ್ಷಿಸಲು ರಾತ್ರಿ ಒಳಗೆ ದೀಪ ಹಚ್ಚಿ ಹೊರಗೆ ನಿಂತು ನೋಡಿ, ಮಡಿಕೆಗಳ ಉದ್ದಕ್ಕೆ ಬಿದ್ದ ತೂತುಗಳು ಚುಕ್ಕಿಯಂತೆ ಹೊಳೆಯುತ್ತವೆ. ತೇಪೆ ತೂತಿಗಿಂತ ಎಲ್ಲ ಕಡೆ 3 ಸೆಂ.ಮೀ. ದೊಡ್ಡದಿರಲಿ, ಮೂಲೆಗಳು ದುಂಡಗಿರಲಿ, ಇಲ್ಲದಿದ್ದರೆ ಮೊದಲು ಏಳುವುದು ಚೂಪು ಮೂಲೆಯೇ. ಬೂಸ್ಟಿಗೆ ಸೌಮ್ಯ ಸೋಪಿನ ನೀರು ಸಾಕು, ಬ್ಲೀಚ್ ಹೊಲಿಗೆಯ ದಾರವನ್ನು ದುರ್ಬಲಗೊಳಿಸುತ್ತದೆ. ಬಟ್ಟೆಯೇ ಬದಲಾಗಬೇಕಿದ್ದರೆ ಹಳೆಯದನ್ನು ಹರಿಯದೆ ಬಿಚ್ಚಿಡಿ: ಹೊಸದರ ಅಳತೆಗೆ ಅದೇ ನಮೂನೆ.

ಗ್ಯಾಸಿನ ರೆಗ್ಯುಲೇಟರ್ ಮತ್ತು ರಬ್ಬರ್ ಕೊಳವೆಯನ್ನು, ನೋಡಲು ಚೆನ್ನಾಗಿದ್ದರೂ, ಹೊಸದು ಹಾಕಿ. ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ. ಸಿಲಿಂಡರಿನಲ್ಲಿರುವ ಪ್ರೊಪೇನ್ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಕೂರುತ್ತದೆ. ಆದ್ದರಿಂದ ಅದರ ಅಲಾರಂ ನೆಲದ ಹತ್ತಿರವಿರಬೇಕು, ಸಿಲಿಂಡರ್ ಗೂಡಿನ ತಳದಲ್ಲಿ ಹೊರಗೆ ತೆರೆದ ಕಿಂಡಿಯಿರಬೇಕು. ಕಾರ್ಬನ್ ಮೊನಾಕ್ಸೈಡ್ (ಇಂಧನ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ) ಅಲಾರಂ ಬೇರೆಯೇ ಬೇಕು. ಎರಡಕ್ಕೂ ಅವಧಿ ಮುಗಿಯುವ ದಿನಾಂಕವಿದೆ.

12 ವೋಲ್ಟ್ ವೈರಿಂಗ್‌ನಲ್ಲಿ ಸಾಮಾನ್ಯ ತಪ್ಪು ಸಣ್ಣ ತಂತಿ. ಬ್ಯಾಟರಿಯಿಂದ 5 ಮೀಟರ್ ದೂರದ ಫ್ರಿಜ್ 5 ಆಂಪಿಯರ್ ಎಳೆದರೆ, ಹೋಗಿಬರುವ 10 ಮೀಟರ್‌ನಲ್ಲಿ 2.5 ಚದರ ಮಿ.ಮೀ. ತಾಮ್ರದ ತಂತಿ ಸುಮಾರು 0.37 ವೋಲ್ಟ್ ನುಂಗುತ್ತದೆ, 4 ಚದರ ಮಿ.ಮೀ. ಹಾಕಿದರೆ ನಷ್ಟ 0.23ಕ್ಕೆ ಇಳಿಯುತ್ತದೆ. ಮುಖ್ಯ ಫ್ಯೂಸ್ ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೇ ಇರಲಿ. ಫ್ಯೂಸಿಗೆ ಮುಂಚಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ.

ಒಳಗಿನ ಬಣ್ಣ, ಪೀಠೋಪಕರಣ ನಿಮ್ಮ ಇಷ್ಟ, ಆದರೆ ಹಗುರವಾಗಿರಲಿ. ಕೆಲಸ ಮುಗಿದ ಮೇಲೆ ನೀರು, ಗ್ಯಾಸ್, ಸಾಮಾನು, ಜನ ಎಲ್ಲ ಸೇರಿಸಿ ತೂಕದ ಸೇತುವೆಯ ಮೇಲೆ ನಿಲ್ಲಿಸಿ. 80 ಲೀಟರ್ ನೀರೇ 80 ಕಿಲೋ. ಒಟ್ಟು ತೂಕ ಮಾತ್ರವಲ್ಲ, ಹಿಂದಿನ ಆಕ್ಸಲ್ ಮೇಲಿನ ಭಾರವೂ ಅದರ ಮಿತಿಯೊಳಗಿರಬೇಕು. ಕ್ಯಾಂಪರಿನ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್ಲಿಗಿಂತ ಹಿಂದೆ ಹೋದರೆ ಮುಂದಿನ ಚಕ್ರಗಳ ಭಾರ ಇಳಿದು ಸ್ಟಿಯರಿಂಗ್ ಹಗುರಾಗುತ್ತದೆ. ಕ್ಯಾಂಪರಿನ ತಳದಡಿ ರಬ್ಬರ್ ಹಾಸು ಹಾಕಿ, ಅದನ್ನು ಟ್ರಕ್ಕಿಗೆ ಬಿಗಿಯುವ ಟರ್ನ್‌ಬಕಲ್‌ಗಳನ್ನು (ತಿರುಗಿಸಿ ಬಿಗಿಮಾಡುವ ಕೊಂಡಿಗಳು) ಮೊದಲ 50 ಕಿ.ಮೀ. ಆದ ಮೇಲೆ ನಿಲ್ಲಿಸಿ ಮತ್ತೆ ನೋಡಿ. ಮೊದಲ ಓಡಾಟದಲ್ಲಿ ಕ್ಯಾಂಪರ್ ತನ್ನ ಜಾಗಕ್ಕೆ ಕೂತು ಅವು ಸಡಿಲಾಗಿರುತ್ತವೆ.