ಡಬ್ಬಿ ಬೇಟೆಗೆ ಎರಡು ಹಗಲು, ಒಂದು ರಾತ್ರಿ

ಜಿಯೋಕ್ಯಾಶಿಂಗ್ ಹುಚ್ಚು ಹತ್ತಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸಬರಿಗಾಗಿ ಎರಡು ಮಾತು. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ನೀವು ಜಿಪಿಎಸ್ ಹಿಡಿದು ಹುಡುಕಿಕೊಂಡು ಹೋಗಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತೀರಿ. ಆ ಡಬ್ಬಿಗೆ ಕ್ಯಾಶ್ ಅನ್ನುತ್ತಾರೆ. ದುಡ್ಡಿಗೂ ಅದಕ್ಕೂ ಸಂಬಂಧ ಇಲ್ಲ.

ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಮಸುಕು ಮಾಡಿಟ್ಟಿತ್ತು. 2000ದ ಮೇ ಮೊದಲ ವಾರ ಅದನ್ನು ನಿಲ್ಲಿಸಿತು. ಮೇ 3ರಂದೇ ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬುವರು ಒಂದು ಕಪ್ಪು ಬಕೆಟ್ ಬಚ್ಚಿಟ್ಟು, ಹುಡುಕಿ ನೋಡೋಣ ಅಂದರು. ಆಟ ಶುರುವಾದದ್ದು ಹಾಗೆ. ಆ ಬಕೆಟ್ಟಿನಲ್ಲಿ ಬೀನ್ಸ್ ತುಂಬಿದ ಒಂದು ತಗಡಿನ ಡಬ್ಬವೂ ಇತ್ತು. ಈಗಿನ ನಿಯಮದಲ್ಲಿ ಒಳಗೆ ತಿನ್ನುವ ಸಾಮಾನು ಇಡುವ ಹಾಗಿಲ್ಲ. ಇರುವೆ, ಕೋತಿ ಇರುವ ನಮ್ಮೂರಲ್ಲಂತೂ ಬೇಡವೇ ಬೇಡ.

ಒಬ್ಬೊಬ್ಬರೇ ಹುಡುಕಿ ಬೇಜಾರಾದ ಮೇಲೆ ನಮ್ಮ ಗುಂಪಿಗೆ ಕ್ಯಾಂಪಿಂಗ್ ಯೋಚನೆ ಬಂತು. ಮೂರು ಸಲ ಹೋಗಿ ಬಂದಿದ್ದೇವೆ. ಮಾಡಿದ ತಪ್ಪುಗಳನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಮ್ಯಾಪ್ ನೋಡಿ, ಆಮೇಲೆ ಜಾಗ

ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರಿಗೆ ಒಂದು ವಾಕಿಂಗ್ ಹೋದರೂ ನಾಲ್ಕಾರು ಕ್ಯಾಶ್ ಸಿಗುತ್ತವೆ. ನಮ್ಮಲ್ಲಿ ಹಾಗಿಲ್ಲ. ಜಿಯೋಕ್ಯಾಶಿಂಗ್ ಆ್ಯಪ್ ತೆರೆದರೆ ದೊಡ್ಡ ಊರುಗಳ ಸುತ್ತ, ಹೆಸರಾದ ಬೆಟ್ಟಗಳ ಹತ್ತಿರ ಒಂದಿಷ್ಟು ಚುಕ್ಕಿ ಕಾಣುತ್ತವೆ, ಉಳಿದದ್ದೆಲ್ಲ ಖಾಲಿ. ಅದರಲ್ಲೂ ಕೆಲವು ಡಬ್ಬಿ ಎಂದೋ ಮಾಯವಾಗಿರುತ್ತವೆ. ಕೊನೆಯ ಸಲ ಯಾರು, ಯಾವಾಗ ಕಂಡರು ಅಂತ ನೋಡಿಕೊಳ್ಳಿ. ಮೂರು ಜನ ಸಾಲಾಗಿ ‘ಸಿಗಲಿಲ್ಲ’ ಅಂತ ಬರೆದಿದ್ದರೆ ಆ ಡಬ್ಬಿಯನ್ನು ನಂಬಿ ಗುಂಪು ಕಟ್ಟಿಕೊಂಡು ಹೋಗಬೇಡಿ.

ಹಾಗಾಗಿ ನಮ್ಮ ಲೆಕ್ಕ ಹೀಗೆ: ದಾರಿಯಲ್ಲಿ ಎರಡು ಮೂರು ಅಸಲಿ ಕ್ಯಾಶ್, ಕ್ಯಾಂಪಿನಲ್ಲಿ ನಾವೇ ಬಚ್ಚಿಡುವ ಎಂಟು ಡಬ್ಬಿ. ನಾವಿಡುವ ಡಬ್ಬಿಗಳನ್ನು ಜಿಯೋಕ್ಯಾಶಿಂಗ್ ಜಾಲತಾಣಕ್ಕೆ ಹಾಕುವುದಿಲ್ಲ. ಅಲ್ಲಿ ಹಾಕಿದ ಕ್ಯಾಶನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕು, ಜಾಗದವರ ಒಪ್ಪಿಗೆ ಬೇಕು, ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ ಇರಬೇಕು. ಭಾನುವಾರ ವಾಪಸ್ ತರುವ ಡಬ್ಬಿಗೆ ಈ ಯಾವ ರಗಳೆಯೂ ಇಲ್ಲ. ಬೇರೆ ಗುಂಪಿನವರನ್ನೂ ಕರೆಯುವ ಮನಸ್ಸಿದ್ದರೆ ಮಾತ್ರ ತಾಣದಲ್ಲಿ ಇವೆಂಟ್, ಅಂದರೆ ಎಲ್ಲರೂ ಸೇರುವ ಕೂಟ, ಅಂತ ಹಾಕಿ. ಅದಕ್ಕೆ ಕನಿಷ್ಠ ಎರಡು ವಾರ ಮೊದಲೇ ಅರ್ಜಿ ಕೊಡಬೇಕು.

ಒಪ್ಪಿಗೆ ಇಲ್ಲದೆ ಗೂಟ ಹೊಡೆಯಬೇಡಿ

ಕಾಡಿನಲ್ಲಿ ಟೆಂಟ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಸುಲಭದ ದಾರಿ ಅಂದರೆ ಗೊತ್ತಿರುವವರ ತೋಟ. ನಾವು ಪ್ರತಿ ಸಲ ಹೋಗುವುದು ನಂದಿ ಬೆಟ್ಟದ ತಪ್ಪಲಿನ ಒಂದು ಮಾವಿನ ತೋಟಕ್ಕೆ. ಬೋರ್‌ವೆಲ್ ಇದೆ, ಒಂದು ಶೌಚಾಲಯ ಇದೆ, ಹಿಂದುಗಡೆ ಸಣ್ಣ ಬಂಡೆಗುಡ್ಡ ಇದೆ. ಹದಿನಾಲ್ಕು ಜನಕ್ಕೆ ಅಷ್ಟು ಸಾಕು.

ತೋಟದವರಿಗೆ ವಿಷಯ ಪೂರ್ತಿ ಹೇಳಿ. ‘ಡಬ್ಬಿ ಬಚ್ಚಿಟ್ಟು ಹುಡುಕುತ್ತೇವೆ’ ಅಂದಾಗ ತೋಟದ ಕಾವಲುಗಾರರು ನಮ್ಮನ್ನು ನಿಧಿ ಅಗೆಯುವವರು ಅಂದುಕೊಂಡಿದ್ದರು. ಒಂದು ಡಬ್ಬಿ ತೆರೆದು, ಒಳಗಿದ್ದ ಗೋಲಿ, ಕೀಚೈನ್ ತೋರಿಸಿದ ಮೇಲೆ ನಕ್ಕರು. ಜಾಗದವರ ಒಪ್ಪಿಗೆ ಇಲ್ಲದೆ ಅಗೆಯುವುದಂತೂ ಈ ಆಟದಲ್ಲೇ ನಿಷಿದ್ಧ. ಗುಡಿ, ಕೋಟೆ, ರೈಲ್ವೆ ಹಳಿ, ಸೇತುವೆ ಹತ್ತಿರ ಇಡಲೇಬೇಡಿ. ವಾರಸುದಾರರಿಲ್ಲದ ಡಬ್ಬಿ ಕಂಡರೆ ನಮ್ಮ ಜನ ಮೊದಲು ಫೋನ್ ಮಾಡುವುದು ಪೊಲೀಸರಿಗೆ.

ತಿಂಗಳು ಯಾವುದು ಅಂದರೆ, ಬಯಲುಸೀಮೆಯ ಬಂಡೆಗುಡ್ಡಗಳಿಗೆ ನವೆಂಬರ್‌ನಿಂದ ಫೆಬ್ರುವರಿ. ಮಳೆಗಾಲದ ಮಲೆನಾಡಿನಲ್ಲಿ ಇಂಬಳ ಬಿಡುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಶಿವಮೊಗ್ಗ ಕಡೆಯ ಕೆಲವು ಕಾಡುಗಳಲ್ಲಿ ರಕ್ತ ಹೀರುವ ಉಣ್ಣೆ ಹುಳುವಿನಿಂದ ಹರಡುವ ಮಂಗನ ಕಾಯಿಲೆ ಭಯ ಇದೆ. ಎಲೆರಾಶಿ ಕೆದಕುವ ಆಟಕ್ಕೆ ಅದು ಜಾಗವಲ್ಲ.

ಡಬ್ಬಿ ಬಚ್ಚಿಡುವುದು ಹೇಗೆ

ಇದೇ ನಿಜವಾದ ಕೆಲಸ. ಇಬ್ಬರು ಒಂದು ದಿನ ಮೊದಲೇ, ಶುಕ್ರವಾರ ಸಂಜೆಗೆ ಹೋಗಬೇಕು. ಅವರು ಹುಡುಕುವ ಹಾಗಿಲ್ಲ. ಮುಂದಿನ ಸಲ ಸರದಿ ಬದಲಾಗುತ್ತದೆ.

ನಾಲ್ಕೂ ಕಡೆ ಲಾಕ್ ಆಗುವ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಚಿಕ್ಕದಕ್ಕೆ ಹಳೇ ಕ್ಯಾಮೆರಾ ರೋಲಿನ ಡಬ್ಬಿ ಸಿಕ್ಕರೆ ಬಂಗಾರ, ಸಿಗದಿದ್ದರೆ ಮಾತ್ರೆ ಡಬ್ಬಿ. ಒಳಗೆ ಜಿಪ್ ಕವರಿನಲ್ಲಿ ಒಂದು ಚೀಟಿ, ಒಂದು ಮೋಟು ಪೆನ್ಸಿಲ್. ಪೆನ್ ಬೇಡ. ಇಬ್ಬನಿಗೆ ಶಾಯಿ ಕದಡುತ್ತದೆ, ಪೆನ್ಸಿಲ್ ಗೆರೆ ಹಾಗೇ ಇರುತ್ತದೆ. ಮಕ್ಕಳಿದ್ದರೆ ಬದಲಾಯಿಸಿಕೊಳ್ಳಲು ಸಣ್ಣ ಆಟಿಕೆ ಹಾಕಿ. ಒಂದು ತಗೊಂಡರೆ ಅಷ್ಟೇ ಬೆಲೆಯದ್ದು ಅಥವಾ ಜಾಸ್ತಿಯದ್ದು ಇಡಬೇಕು, ಅದೇ ನಿಯಮ.

ಬಚ್ಚಿಟ್ಟ ತಕ್ಷಣ ಫೋನ್ ತೋರಿಸಿದ ಅಂಕಿ ಬರೆದುಕೊಂಡು ಓಡಬೇಡಿ. ಬಯಲಿನಲ್ಲಿ ಫೋನ್ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ಆಗುತ್ತದೆ. ಮರದ ಕೆಳಗೆ, ಬಂಡೆ ಪಕ್ಕ ಇನ್ನೂ ಜಾಸ್ತಿ. ಫೋನನ್ನು ಡಬ್ಬಿಯ ಮೇಲಿಟ್ಟು ಎರಡು ನಿಮಿಷ ಬಿಡಿ, ಅಂಕಿ ಬರೆದುಕೊಳ್ಳಿ. ಮೂವತ್ತು ಹೆಜ್ಜೆ ದೂರ ಹೋಗಿ ಬೇರೆ ದಿಕ್ಕಿನಿಂದ ಬಂದು ಮತ್ತೆ ನೋಡಿ. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮಾರನೇ ದಿನ ಬಿಸಿಲಲ್ಲಿ ಹನ್ನೆರಡು ಜನ ನಿಮಗೆ ಬೈಯುತ್ತಾರೆ.

ಪ್ರತಿ ಡಬ್ಬಿಗೂ ಒಂದು ಸುಳಿವು ಬರೆಯಿರಿ. ‘ಕಲ್ಲಿನ ಕೆಳಗೆ’ ಅಂದರೆ ಬಂಡೆಗುಡ್ಡದಲ್ಲಿ ಅದು ಸುಳಿವೇ ಅಲ್ಲ. ‘ಕೂತರೆ ಮೊಣಕಾಲಿಗೆ ತಾಗುತ್ತೆ’ ಅಂತ ಒಂದು ಬರೆದಿದ್ದೆವು, ಡಬ್ಬಿ ಕಲ್ಲುಬೆಂಚಿನ ಅಡಿಯಲ್ಲಿತ್ತು. ಅದರ ಮೇಲೇ ಕೂತು ಒಂದು ತಂಡ ಕಡ್ಲೆಕಾಯಿ ಸುಲಿದು ತಿಂದು ಹೋಯಿತು.

ಅಂಕಿ ಕಳಿಸುವಾಗ ಎಚ್ಚರ

ನಮ್ಮ ದೊಡ್ಡ ಎಡವಟ್ಟು ಇಲ್ಲೇ ಆದದ್ದು. ಜಿಯೋಕ್ಯಾಶಿಂಗ್‌ನವರು ಡಿಗ್ರಿ, ಮಿನಿಟು, ಮಿನಿಟಿನ ದಶಾಂಶ ಹೀಗೆ ಬರೆಯುತ್ತಾರೆ. ಉದಾಹರಣೆಗೆ 13° 22.456. ಮೊದಲ ಸಲ ಕ್ಯಾಂಪ್ ಜಾಗವನ್ನು ವಾಟ್ಸ್‌ಆ್ಯಪ್‌ನಲ್ಲಿ ಇದೇ ರೀತಿ ಕಳಿಸಿದ್ದೆ. ಒಂದು ಕಾರಿನವರು ಅದನ್ನು ಮ್ಯಾಪಿನಲ್ಲಿ 13.22456 ಅಂತ ಒತ್ತಿದರು. ನೋಡೋಕೆ ಒಂದೇ ಥರ, ಅಲ್ವಾ? ಆದರೆ ಮಿನಿಟನ್ನು 60ರಿಂದ ಭಾಗಿಸಬೇಕು, ಆಗ ಸರಿಯಾದ ಅಂಕಿ 13.37427. ಅಕ್ಷಾಂಶದ ಅಂಕಿಯೊಂದರಿಂದಲೇ 16 ಕಿಲೋಮೀಟರಿಗೂ ಜಾಸ್ತಿ ದಕ್ಷಿಣಕ್ಕೆ ಜಾರಿದರು, ರೇಖಾಂಶದ ಅಂಕಿ ಪಶ್ಚಿಮಕ್ಕೂ ಎಳೆಯಿತು. ಯಾವುದೋ ಕೆರೆ ಏರಿ ಮೇಲೆ ನಿಂತು ಫೋನ್ ಮಾಡಿದರು: ‘ಟೆಂಟ್ ಎಲ್ಲೂ ಕಾಣ್ತಿಲ್ವಲ್ಲೋ!’ ಅಡುಗೆ ಪಾತ್ರೆಯೆಲ್ಲ ಅವರ ಡಿಕ್ಕಿಯಲ್ಲಿತ್ತು.

ಆಗಿನಿಂದ ಕ್ಯಾಂಪಿಗೆ ಬರೀ ಲೊಕೇಶನ್ ಪಿನ್. ಡಿಗ್ರಿ, ಮಿನಿಟು ಏನಿದ್ದರೂ ಆಟಕ್ಕೆ.

ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬೆಟ್ಟದ ಹಿಂದೆ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ತಂಡಕ್ಕೊಂದು ಪವರ್ ಬ್ಯಾಂಕ್ ಇರಲಿ. ಹೊರದೇಶದಿಂದ ಗೆಳೆಯರು ಬರುವುದಾದರೆ ಒಂದು ಮಾತು ಮೊದಲೇ ಹೇಳಿ. ಗಾರ್ಮಿನ್ ಇನ್‌ರೀಚ್‌ನಂಥ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನವನ್ನು ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಏರ್‌ಪೋರ್ಟಿನಲ್ಲೇ ಪ್ರವಾಸಿಗರು ಸಿಕ್ಕಿಬಿದ್ದಿದ್ದಾರೆ.

ಶನಿವಾರ

ನಾಲ್ಕು ಜನರ ಮೂರು ತಂಡ. ಪ್ರತಿ ತಂಡದಲ್ಲೂ ಒಬ್ಬ ಹಳಬ. ಗಂಡ ಹೆಂಡತಿಯನ್ನು ಬೇರೆ ಬೇರೆ ತಂಡಕ್ಕೆ ಹಾಕಿ, ಜಗಳ ಕಮ್ಮಿ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹನ್ನೊಂದಕ್ಕೆ ನೆರಳಿಗೆ ಬನ್ನಿ, ಮತ್ತೆ ನಾಲ್ಕಕ್ಕೆ ಹೊರಡಿ. ಊಟದ ವಿಷಯದಲ್ಲಿ ಸಾಹಸ ಬೇಡ: ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಮನೆಯಿಂದ ತಂದ ಪುಳಿಯೋಗರೆ, ರಾತ್ರಿ ಬಿಸಿ ಅನ್ನ ಸಾರು. ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್.

ಬಂಡೆ ಸಂದಿಗೆ ಕೈ ಹಾಕುವ ಮೊದಲು ಟಾರ್ಚ್ ಬಿಡಿ, ಕೋಲಿನಿಂದ ತಟ್ಟಿ. ಹಾವು, ಚೇಳು ಎರಡಕ್ಕೂ ಅದು ಮನೆ. ಯಾರಿಗಾದರೂ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು ಏನೂ ಬೇಡ. ಅಲುಗಾಡದಂತೆ ಮಲಗಿಸಿ 108ಕ್ಕೆ ಫೋನ್ ಮಾಡಿ. ವಿಷಕ್ಕೆ ಔಷಧಿ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಹೊರಡುವ ಮೊದಲೇ ವಿಚಾರಿಸಿಡಿ. ನನಗೆ ಹಾವಿಗಿಂತ ಹೆಜ್ಜೇನಿನ ಭಯ ಜಾಸ್ತಿ. ಬಂಡೆಯ ಮೇಲ್ಗಡೆ ಕಪ್ಪಗೆ ಜೋತುಬಿದ್ದ ತಟ್ಟಿ ಕಂಡರೆ ಆ ಕಡೆ ಡಬ್ಬಿಯೂ ಬೇಡ, ಸೆಂಟೂ ಬೇಡ, ಹೊಗೆಯಂತೂ ಬೇಡ.

ರಾತ್ರಿಗೆ ಒಂದು ಡಬ್ಬಿ ಉಳಿಸಿಕೊಳ್ಳಿ. ಸೈಕಲ್ಲಿಗೆ ಅಂಟಿಸುವ ರಿಫ್ಲೆಕ್ಟರ್ ಸ್ಟಿಕ್ಕರನ್ನು ಬೆರಳುಗುರಿನಷ್ಟು ಕತ್ತರಿಸಿ ಬೇಲಿಯ ಕಲ್ಲುಕಂಬಗಳಿಗೆ ಅಂಟಿಸಿ. ಮರಕ್ಕೆ ಮೊಳೆ ಹೊಡೆಯಬೇಡಿ. ಹಗಲಲ್ಲಿ ಸ್ಟಿಕ್ಕರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣಿನ ಹಾಗೆ ಒಂದೊಂದೇ ಹೊಳೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ನಡೆಯುತ್ತಾ ಡಬ್ಬಿಯವರೆಗೆ ಹೋಗುವುದು. ಎಲ್ಲರೂ ಒಟ್ಟಿಗೇ ಹೋಗಿ, ಬೇಲಿ ದಾಟಬೇಡಿ.

ಭಾನುವಾರ ಲೆಕ್ಕ

ಬಚ್ಚಿಟ್ಟವರೇ ಹೋಗಿ ಎಲ್ಲ ಡಬ್ಬಿ ತರಬೇಕು, ಸ್ಟಿಕ್ಕರ್ ಕಿತ್ತು ತರಬೇಕು. ಉಳಿದವರು ಒಂದೊಂದು ಗೋಣಿಚೀಲ ಹಿಡಿದು ಸುತ್ತಮುತ್ತಲ ಕಸ ಎತ್ತಿ, ನಿಮ್ಮದಲ್ಲದ ಬಾಟಲಿಯನ್ನೂ ಸೇರಿಸಿ. ಮುಂದಿನ ಸಲ ತೋಟದ ಗೇಟು ತೆರೆಯುವುದು ಇದರಿಂದಲೇ.

ಕಳೆದ ಸಲ ಏಳೇ ಡಬ್ಬಿ ಸಿಕ್ಕಿದವು. ಎಂಟನೆಯದನ್ನು ಕೋತಿ ಹೊತ್ತೊಯ್ದಿರಬೇಕು ಅಂತ ಸುಮ್ನೆ ವಾಪಸ್ ಬಂದೆವು. ಎರಡು ವಾರ ಬಿಟ್ಟು ಕಾವಲುಗಾರರು ಫೋನ್ ಮಾಡಿದರು. ಡಬ್ಬಿ ಗುಡ್ಡದ ಕೆಳಗೆ ಸಿಕ್ಕಿದೆ, ಚೀಟಿಯಲ್ಲಿ ನನ್ನ ಹೆಸರನ್ನೂ ಬರೆದಿದ್ದೇನೆ ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು: ‘ಡಬ್ಬಿ ಮುಚ್ಚಳ ಬಿಗಿಯಾಗೈತೆ ಸಾರ್, ಉಪ್ಪಿನಕಾಯಿಗೆ ಇಟ್ಕಳ್ಳಾ?’